ಒಳ್ಳೆಯದಕ್ಕೂ ಅಳತೆ ಬೇಡವೇ?

ಯುರೋಪಿಗೆ ಬಂದ ಹೊಸದರಲ್ಲಿ ಆಲಿವ್ ಎಣ್ಣೆಯ ಬಾಟಲಿಯೊಂದರ ಲೇಬಲ್ ಓದಿ ನನಗೆ ಹಿತವಾದ ಅಚ್ಚರಿಯಾಯಿತು. ಎಣ್ಣೆಯಲ್ಲಿರುವ, ಸಸ್ಯಗಳಲ್ಲಿ ಸಹಜವಾಗಿ ಸಿಗುವ ಸಂಯುಕ್ತಗಳಾದ ಪಾಲಿಫಿನಾಲ್‌ಗಳು ರಕ್ತದ ಕೊಬ್ಬಿನಂಶವನ್ನು ಆಕ್ಸಿಡೀಕರಣದಿಂದ ಕಾಪಾಡಲು ನೆರವಾಗುತ್ತವೆ, ದಿನಕ್ಕೆ 20 ಗ್ರಾಂ ಸೇವಿಸಿದರೆ ಈ ಪ್ರಯೋಜನ ದೊರೆಯುತ್ತದೆ ಎಂದಷ್ಟೇ ಅದರಲ್ಲಿತ್ತು. ಹೃದ್ರೋಗ ವಾಸಿಯಾಗುತ್ತದೆ, ಆಯುಷ್ಯ ಹೆಚ್ಚುತ್ತದೆ ಎಂಬ ಮಾತೇ ಇರಲಿಲ್ಲ. 2012ರ ಐರೋಪ್ಯ ಒಕ್ಕೂಟದ ನಿಯಮದಂತೆ, 20 ಗ್ರಾಂ ಎಣ್ಣೆಯಲ್ಲಿ ಹೈಡ್ರಾಕ್ಸಿಟೈರೊಸಾಲ್ ಎಂಬ ಪಾಲಿಫಿನಾಲ್ ಮತ್ತು ಅದರ ಸಂಬಂಧಿ ಸಂಯುಕ್ತಗಳು ಕನಿಷ್ಠ 5 ಮಿಲಿಗ್ರಾಂ ಇದ್ದರೆ ಮಾತ್ರ ಅಷ್ಟನ್ನಾದರೂ ಅಚ್ಚು ಹಾಕಲು ಅನುಮತಿಯಿದೆ.

ನಮ್ಮವರಲ್ಲಿ ಇಂಥ ಜಿಪುಣತನವಿಲ್ಲ. ಅರಿಶಿನ ಎಂದೊಡನೆ ಕರ್ಕ್ಯುಮಿನ್, ಕರ್ಕ್ಯುಮಿನ್ ಎಂದೊಡನೆ ಕ್ಯಾನ್ಸರಿಗೆ ರಾಮಬಾಣ. ಎಷ್ಟು ತಿನ್ನಬೇಕು ಎಂದು ಒಮ್ಮೆ ನಮ್ಮ ಮಾವನವರನ್ನು ಕೇಳಿದಾಗ, "ಒಳ್ಳೆಯದಕ್ಕೆ ಅಳತೆ ಯಾಕಪ್ಪ?" ಎಂದು ನನ್ನನ್ನೇ ಗದರಿದರು. ಅರಿಶಿನದ ತೂಕದಲ್ಲಿ ಕರ್ಕ್ಯುಮಿನ್ ಇರುವುದು ಸುಮಾರು ನೂರಕ್ಕೆ ಮೂರು ಪಾಲು. ಅದರಲ್ಲೂ ಬಹುಪಾಲು ಕರುಳಿನಲ್ಲಿ ಹೀರಿಕೆಯಾಗದೆ ಹೊರಹೋಗುತ್ತದೆ, ಹೀರಿಕೆಯಾದದ್ದನ್ನು ಯಕೃತ್ತು ಬೇಗನೆ ಮಾರ್ಪಡಿಸಿಬಿಡುತ್ತದೆ. ಗಾಜಿನ ತಟ್ಟೆಯಲ್ಲಿ ಜೀವಕೋಶಗಳ ಮೇಲೆ ಕಂಡ ಪರಿಣಾಮ ಮನುಷ್ಯನ ದೇಹದಲ್ಲೂ ಕಾಣಬೇಕೆಂದಿಲ್ಲ ಎಂಬುದನ್ನು ಬಂಧುಗಳಿಗೆ ಹೇಳಲು ಹೋದರೆ, ಹೊರದೇಶ ಸೇರಿದವನ ಅಹಂಕಾರವೆಂದೇ ತೀರ್ಮಾನವಾಗುತ್ತದೆ.

ಬೆಳ್ಳುಳ್ಳಿಯನ್ನೇ ನೋಡಿ. ಅದರ ಗುಣಕ್ಕೆ ಕಾರಣವೆಂದು ಹೇಳಲಾಗುವ ಅಲಿಸಿನ್ ಎಂಬ ಸಂಯುಕ್ತ ಇಡಿಯಾದ ಎಸಳಿನಲ್ಲಿ ಇರುವುದೇ ಇಲ್ಲ ಎನ್ನಬಹುದು. ಜಜ್ಜಿದಾಗ ಕೋಶಗಳು ಒಡೆದು, ಅಲಿನೇಸ್ ಎಂಬ ಕಿಣ್ವವು ಅಲಿನ್ ಎಂಬ ವಸ್ತುವನ್ನು ಅಲಿಸಿನ್ ಆಗಿ ಬದಲಿಸುತ್ತದೆ. ಮೂಗಿಗೆ ಬಡಿಯುವ ಘಾಟು ಅದರದೇ. ಜಜ್ಜುವ ಮೊದಲೇ ಬೇಯಿಸಿದರೆ ಶಾಖಕ್ಕೆ ಕಿಣ್ವ ಕೆಟ್ಟು, ಅಲಿಸಿನ್ ಹುಟ್ಟುವುದೇ ಇಲ್ಲ. ಬೆಳ್ಳುಳ್ಳಿಯ ಮಹಿಮೆಯನ್ನು ಕೊಂಡಾಡುವವರು ಇದನ್ನು ಹೇಳಿದ್ದನ್ನು ನಾನಂತೂ ಕೇಳಿಲ್ಲ.

ಮನಸ್ಸಿಲ್ಲದಿದ್ದರೂ ಇಲ್ಲಿನವರ ಬಗೆಗೂ ಒಂದು ಮಾತು ಹೇಳಬೇಕು. ಅಳೆಯುವ ಚಟ ಮಿತಿಮೀರಿದಾಗ ಸಂಯುಕ್ತವನ್ನು ಆಹಾರದಿಂದ ಕಿತ್ತು ಮಾತ್ರೆಗೆ ತುಂಬುವ ಆಸೆ ಹುಟ್ಟುತ್ತದೆ. ತರಕಾರಿ ಹೆಚ್ಚು ತಿನ್ನುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಎಂಬುದನ್ನು ಗಮನಿಸಿ, ಫಿನ್ಲೆಂಡಿನಲ್ಲಿ ಧೂಮಪಾನಿಗಳಿಗೆ ತರಕಾರಿಗಳಲ್ಲಿರುವ ಬೀಟಾ ಕ್ಯಾರೋಟೀನನ್ನು ಮಾತ್ರೆಯಾಗಿ ದಿನಕ್ಕೆ 20 ಮಿಲಿಗ್ರಾಂ ಕೊಟ್ಟು ನೋಡಿದರು. 1994ರಲ್ಲಿ ಫಲಿತಾಂಶ ಬಂದಾಗ ಅದನ್ನು ನುಂಗಿದವರಲ್ಲಿ ಆ ಕ್ಯಾನ್ಸರ್, ನುಂಗದವರಿಗಿಂತ ಶೇಕಡ 18ರಷ್ಟು ಹೆಚ್ಚಿತ್ತು. ಹಸಿರು ಚಹಾದ ಸಾರದ ಮಾತ್ರೆಗಳದೂ ಇಂಥದೇ ಕಥೆ: ಅದರಲ್ಲಿರುವ ಕ್ಯಾಟೆಚಿನ್ ಎಂಬ ಬಗೆಯ ಸಂಯುಕ್ತಗಳಲ್ಲಿ ಒಂದನ್ನು ದಿನಕ್ಕೆ 800 ಮಿಲಿಗ್ರಾಂ ಅಥವಾ ಹೆಚ್ಚು ನುಂಗಿದರೆ ಯಕೃತ್ತಿಗೆ ತೊಂದರೆಯಾಗಬಹುದು ಎಂದು ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆಯೇ 2018ರಲ್ಲಿ ಎಚ್ಚರಿಸಿತು. ಈ ವಿಷಯದಲ್ಲಿ ಅಳತೆ ಕೇಳದ ನಮ್ಮವರೇ ಹೆಚ್ಚು ಕ್ಷೇಮವಾಗಿದ್ದರು ಎಂದು ಒಪ್ಪಬೇಕು, ಏಕೆಂದರೆ ಊಟದ ಜೊತೆ ಅಷ್ಟು ಪ್ರಮಾಣ ಹೊಟ್ಟೆಗಿಳಿಯುವುದು ಕಷ್ಟ. ಆದರೆ ಈಗ ಹೀರಿಕೆ ಹೆಚ್ಚಲೆಂದು ಕರಿಮೆಣಸಿನ ಪೈಪರಿನ್ ಬೆರೆಸಿದ ಕರ್ಕ್ಯುಮಿನ್ ಮಾತ್ರೆಗಳು ಅಲ್ಲಿಗೂ ತಲುಪಿವೆ, ಮಾವನವರು ಅವನ್ನೂ ಅಳತೆಯಿಲ್ಲದೆ ನುಂಗುತ್ತಿದ್ದಾರೆ.