ಕಂಕುಳಲ್ಲೊಂದು ಚೌಕ

ನಾನು ಹೋಗಿದ್ದು ಚಿನ್ನದ ದಾರದ ಕೆಲಸ ಕಲಿಯಲು. ಓಪಾ ನನ್ನನ್ನು ಕೂರಿಸಿದ್ದು ಕಂಕುಳ ತುಂಡು ಹೊಲಿಯಲು.

ಮಲೇಷ್ಯಾದ ಪೆರಾಕ್ ರಾಜ್ಯದಲ್ಲಿ ಅಜ್ಜಿಗೆ ಓಪಾ ಅನ್ನುತ್ತಾರೆ. ಈ ಓಪಾ ಇರುವುದು ಕ್ವಾಲಾ ಕಾಂಗ್ಸಾರ್‌ನಲ್ಲಿ, ಸುಲ್ತಾನರ ಊರು. ನಾವಿರುವುದು ಇಪೋದಲ್ಲಿ. ಶನಿವಾರ ಬೆಳಿಗ್ಗೆ ತಿಂಡಿ ಮುಗಿಸಿ ಹೊರಟುಬಿಡುತ್ತೇನೆ.

ಆ ಊರಿನ ತೆಕಾಟ್ ಕಸೂತಿ ಹೆಸರುವಾಸಿ. ಮಖಮಲ್ಲನ್ನು ಚೌಕಟ್ಟಿಗೆ ಬಿಗಿದು, ಹೂವಿನಾಕಾರದ ರಟ್ಟಿಟ್ಟು, ಅದರ ಮೇಲೆ ಚಿನ್ನದ ದಾರವನ್ನು ಆಚೀಚೆ ಹಾಯಿಸುತ್ತಾರೆ. ಪ್ರತಿ ಅಂಚಲ್ಲೂ ಅಡಿಯಿಂದ ಬರುವ ಇನ್ನೊಂದು ದಾರ ಅದನ್ನು ಹಿಡಿದು ಕಟ್ಟುತ್ತದೆ. ಚಿನ್ನದ ದಾರ ಬಟ್ಟೆಯೊಳಗೆ ಇಳಿಯುವುದೇ ಇಲ್ಲ. ಧಾರವಾಡದಲ್ಲಿ ನಮ್ಮಜ್ಜಿ ಕಸೂತಿಯ ಗವಂತಿ ಹೊಲಿಗೆ ಬಟ್ಟೆಯ ಎರಡೂ ಕಡೆ ಒಂದೇ ಥರ ಕಾಣಬೇಕೆಂದು ಬೈದು ಬೈದು ಕಲಿಸಿದ್ದಳು. ಅದರ ಮುಂದೆ ಇದೇನು ಮಹಾ ಅಂದುಕೊಂಡಿದ್ದೆ. ಸೊಕ್ಕು, ಅಲ್ವಾ?

ಓಪಾ ಮಖಮಲ್ಲನ್ನು ಬೀರುವಿನಿಂದ ತೆಗೆಯಲೇ ಇಲ್ಲ. "ಮೊದಲು ಒಂದು ಬಾಜು ಕುರುಂಗ್ ಹೊಲಿ" ಅಂದರು.

ಮಲಯ್ ಹೆಂಗಸರು ತೊಡುವ ಸಡಿಲ ನಿಲುವಂಗಿ ಅದು. ಹಳೇ ಪದ್ಧತಿಯಲ್ಲಿ ತೋಳಿನ ಬುಡಕ್ಕೆ ಬಾಗು ಕತ್ತರಿಸುವುದಿಲ್ಲ. ಮೈ ನೇರ, ತೋಳೂ ನೇರ. ಎರಡೂ ಬದಿಗೆ ಪೆಸಾಕ್ ಅನ್ನುವ ಉದ್ದ ತುಂಡು, ಮೇಲೆ ಕಿರಿದು, ಕೆಳಗೆ ಅಗಲ. ತೋಳು, ಪೆಸಾಕ್ ಸೇರುವ ಮೂಲೆಯಲ್ಲಿ ಅಂಗೈಗಿಂತ ಚಿಕ್ಕದೊಂದು ಚೌಕ. ಅದೇ ಕೆಕೆಕ್. ಕೈ ಇಳಿಬಿಟ್ಟಾಗ ಮಡಚಿಕೊಂಡು ಮಾಯ. ಕೈ ಎತ್ತಿದರೆ ಬಿಚ್ಚಿಕೊಳ್ಳುತ್ತದೆ. ಓರೆಯಾಗಿ ಕೂತಿರುವುದರಿಂದ ಒಂಚೂರು ಹಿಗ್ಗುತ್ತದೆ ಕೂಡ.

ಮೂರು ಮೂಲೆ ಸರಿಯಾಗಿ ಕೂತವು. ನಾಲ್ಕನೆಯದರಲ್ಲಿ ಸುಕ್ಕು. ಓಪಾ ಕನ್ನಡಕವನ್ನೂ ಹಾಕಿಕೊಳ್ಳಲಿಲ್ಲ, ಹೆಬ್ಬೆರಳಿಂದ ಸವರಿದರು. "ತೆತಾಸ್." ಅಂದರೆ ಹೊಲಿಗೆ ಬಿಚ್ಚು. ನಾನು ಈ ಮನೆಯಲ್ಲಿ ಜಾಸ್ತಿ ಕೇಳಿದ ಪದ ಅದೇ. ಮೂರು ಶನಿವಾರ ಬಿಚ್ಚಿದೆ. ಕೊನೆಗೊಂದು ದಿನ ಹೊಲಿಯುತ್ತಿದ್ದಾಗ ನನ್ನ ಮಣಿಕಟ್ಟು ಹಿಡಿದು ನಿಲ್ಲಿಸಿದರು. ಬಟ್ಟೆಯ ಅಂಚಿಗೆ ಇನ್ನೂ ಕಾಲಿಂಚು ಬಾಕಿಯಿತ್ತು. ಅಲ್ಲಿಗೇ ಗಂಟು ಹಾಕಿಸಿದರು. ಮೂಲೆ ತಾನಾಗಿ ತಿರುಗಿತು! ಬಾಯಲ್ಲಿ ಮೊದಲೇ ಹೇಳಬಹುದಿತ್ತಲ್ಲ ಅಂತ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ.

ಈಗಿನ 'ಕುರುಂಗ್ ಮೊಡೆನ್' ಉಡುಪಿಗೆ ತೋಳಿನಲ್ಲಿ ಬಾಗು, ಬೆನ್ನಿಗೆ ಜಿಪ್. ಕೆಕೆಕ್ ಇಲ್ಲ. ನನ್ನ ಹತ್ತಿರವೂ ಅಂಥವು ಎರಡಿವೆ. ಮೇಲಿನ ಕಪಾಟಿಗೆ ಕೈ ಚಾಚಿದರೆ ಇಡೀ ಅಂಗಿಯೇ ಮೇಲೇಳುತ್ತದೆ. ತೊಡುವವರು ತೊಡಲಿ. ನನ್ನ ತಕರಾರು ನಮ್ಮಂಥ ಕಲಾಪ್ರೇಮಿಗಳ ಮೇಲೆ. ಯುನೆಸ್ಕೊದ ಪರಂಪರೆ ಪಟ್ಟಿಗೆ 2021ರಲ್ಲಿ ಜರಿ ದಾರದ ಸೊಂಗ್ಕೆಟ್ ನೇಯ್ಗೆ ಸೇರಿತು, 2024ರಲ್ಲಿ ಕೆಬಾಯಾ ಅನ್ನುವ ಹೆಂಗಸರ ಮೇಲಂಗಿ. ಖುಷಿಯೇ. ಆದರೆ ಕಲೆ ಉಳಿಸಬೇಕು ಅಂತ ಬರೆಯುವ ನಾವು ನೋಡುವುದು ಬರೀ ಮಿಂಚುವುದನ್ನು. ಕಂಕುಳ ತುಂಡಿನ ಫೋಟೋ ಹಾಕಿದರೆ ಎಷ್ಟು ಲೈಕ್ ಬರುತ್ತವೆ?

ನಮ್ಮಲ್ಲೂ ಅಷ್ಟೇ. ಅಜ್ಜನ ಜುಬ್ಬಾದ ಕಂಕುಳಲ್ಲೂ ಇಂಥದ್ದೇ ಚೌಕವಿತ್ತು. ಅದಕ್ಕೇನಂತಾರೆ ಅಂತ ಅಮ್ಮನಿಗೆ ಫೋನ್ ಮಾಡಿದೆ. "ಅದ್ಯಾವ ಹೆಸರವ್ವಾ, ಸುಮ್ನೆ ಒಂದು ತುಂಡು" ಅಂದಳು. ಮನೆಯಲ್ಲಿ ಅಜ್ಜಿಯ ಕಸೂತಿ ಸೀರೆಗೆ ನುಸಿಗುಳಿಗೆ ಇಟ್ಟು ಕಾಪಾಡಿದ್ದೇವೆ. ಜುಬ್ಬಾ ಎಂದೋ ನೆಲ ಒರೆಸುವ ಬಟ್ಟೆಯಾಯಿತು.

ಹೋದ ಶನಿವಾರ ಓಪಾ ನನ್ನ ಕೈಯನ್ನು ತಾವೇ ಮೇಲೆತ್ತಿ, ಇಳಿಸಿ, ಮತ್ತೆ ಎತ್ತಿ ನೋಡಿದರು. ಏನೂ ಹೇಳಲಿಲ್ಲ. ಕೊರಳ ಪಟ್ಟಿ ತಂದು ತೊಡೆಯ ಮೇಲಿಟ್ಟರು. ಇನ್ನು ಅದರ ಅಂಚಿಗೆ ತುಲಾಂಗ್ ಬೆಲುಟ್ ಅನ್ನುವ ಹೊಲಿಗೆ ಹಾಕಬೇಕಂತೆ. ಹಾಗಂದರೆ ಹಾವುಮೀನಿನ ಮೂಳೆ.

ಮಖಮಲ್ಲು ಇನ್ನೂ ಬೀರುವಿನಲ್ಲೇ ಇದೆ.