ಹನ್ನೊಂದನೇ ಹಾಡು

2025ರ ಮೇ 18. ಬೆಳಗಿನ ಜಾವ ನಾಲ್ಕು ಗಂಟೆ ದಾಟಿತ್ತು. ಮೈಸೂರಿನ ನಮ್ಮ ಬೀದಿಯಲ್ಲಿ ನಾಯಿಗಳೂ ಬೊಗಳಿ ಸುಸ್ತಾಗಿ ಮಲಗಿದ್ದವು. ನಾನು ಮಾತ್ರ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮೊಬೈಲ್ ಹಿಡಿದು ಕೂತಿದ್ದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನಲ್ಲಿ, ಯುರೋಪಿನ ದೇಶಗಳು ಒಂದೊಂದು ಹಾಡು ಕಳಿಸಿ ಸೆಣಸುವ ಯೂರೋವಿಷನ್ ಸ್ಪರ್ಧೆಯ ಫೈನಲ್ ನಡೆಯುತ್ತಿತ್ತು. ಅಲ್ಲಿ ರಾತ್ರಿ ಒಂಬತ್ತಕ್ಕೆ ಶುರುವಾದರೆ ನಮಗೆ ಹನ್ನೆರಡೂವರೆ.

ಈ ಹುಚ್ಚು ಹತ್ತಿಸಿದವಳು ನನ್ನ ಅಕ್ಕನ ಮಗಳು. ಅವಳಿರುವುದು ಬಾಸೆಲ್‌ನಲ್ಲೇ. ಸ್ಪರ್ಧೆ ನಡೆದ ಸಭಾಂಗಣಕ್ಕೆ ಅವಳಿಗೆ ಟಿಕೆಟ್ ಸಿಕ್ಕಿರಲಿಲ್ಲ. ಪಕ್ಕದ ಫುಟ್‌ಬಾಲ್ ಮೈದಾನದಲ್ಲಿ 36 ಸಾವಿರ ಜನಕ್ಕೆ ದೊಡ್ಡ ಪರದೆ ಹಾಕಿದ್ದರು. ಅಲ್ಲಿ ಕೂತು, ‘ಮಾವ, ಮಲಗಬೇಡಿ, ನಮ್ಮ ಹಾಡು 19ನೆಯದು’ ಅಂತ ಮೆಸೇಜು ಹಾಕುತ್ತಲೇ ಇದ್ದಳು. ‘ನಮ್ಮ’ ಅಂದರೆ ಸ್ವಿಟ್ಜರ್ಲೆಂಡಿನದು. ಹೋಗಿ ಆರು ವರ್ಷಕ್ಕೇ ಅದು ನಮ್ಮದಾಗಿದೆ!

ಆ ಹಾಡು ಬಂದಾಗ ನಮಗೆ ಎರಡು ಗಂಟೆಯ ಸುಮಾರು. ಹಾಡಿದವಳು ಜೋಯೆ ಮೆ ಅನ್ನುವ ಹುಡುಗಿ. ಹಾಡಿನ ಹೆಸರು ‘ವೊಯಾಜ್’, ಅಂದರೆ ಪ್ರಯಾಣ. ಫ್ರೆಂಚ್ ಭಾಷೆ, ನಿಧಾನದ ಮೆಲುದನಿ. ಅಲ್ಲಿಯವರು ಇದನ್ನು ಬ್ಯಾಲಡ್ ಅನ್ನುತ್ತಾರೆ. ನಮ್ಮ ಕಡೆ ಆಗಿದ್ದರೆ ಭಾವಗೀತೆಯ ಸಾಲಿನಲ್ಲಿ ಕೂರಿಸುತ್ತಿದ್ದೆವು. ಕುಣಿಯುವವರಿಲ್ಲ, ಬೆಂಕಿಯಿಲ್ಲ. ಅವಳು, ಅವಳ ಎದುರಿಗೆ ಒಂದೇ ಒಂದು ಕ್ಯಾಮೆರಾ. ಮೂರು ನಿಮಿಷ ಎಲ್ಲೂ ಕತ್ತರಿಸದೆ ಅದು ಅವಳ ಜೊತೆಗೇ ಇತ್ತು. ಅದಕ್ಕೆ ಮುಂಚೆ ಎಸ್ಟೋನಿಯಾದವನೊಬ್ಬ ಕಾಫಿಯ ಮೇಲೆ ಹಾಡಿ ಕೈಕಾಲು ಬಳುಕಿಸಿ ಹೋಗಿದ್ದ. ಆಮೇಲೆ ಸ್ವೀಡನ್ನಿನವರು ಬಂದು ಬೆವರು ಸುರಿಸುವ ಸ್ನಾನದ ಕೋಣೆಯ ಬಗ್ಗೆ ಹಾಡಿದರು. ಇವೆರಡರ ನಡುವೆ ಈ ಹುಡುಗಿ, ಸಂತೆಯಲ್ಲಿ ಯಾರೋ ಕಿವಿಯ ಹತ್ತಿರ ಬಂದು ಗುಟ್ಟು ಹೇಳಿದ ಹಾಗೆ.

ತೀರ್ಪುಗಾರರ ಅಂಕಗಳು ಬಂದವು. ಸ್ವಿಟ್ಜರ್ಲೆಂಡಿಗೆ 214. ಎರಡನೇ ಸ್ಥಾನ! ಅಕ್ಕನ ಮಗಳು ಬರೀ ಹೃದಯದ ಚಿತ್ರಗಳನ್ನೇ ಕಳಿಸಿದಳು.

ಆಮೇಲೆ ಜನರ ಮತ. ತೀರ್ಪುಗಾರರು ಕಡಿಮೆ ಕೊಟ್ಟವರಿಂದ ಶುರುಮಾಡಿ ಒಬ್ಬೊಬ್ಬರದೇ ಓದುತ್ತಾರೆ. ಹಾಗಾಗಿ ಸ್ವಿಟ್ಜರ್ಲೆಂಡಿನ ಸರದಿ ಬಂದಿದ್ದು ಕೊನೆಯಿಂದ ಎರಡನೆಯದಾಗಿ. ಎಷ್ಟು ಅಂತೀರಿ? ಸೊನ್ನೆ.

ನಾಲ್ಕೈದು ಅಲ್ಲ, ಬರೀ ಸೊನ್ನೆ. ಪಂಡಿತರಿಂದ 214, ಪಾಮರರಿಂದ ಸೊನ್ನೆ. ಅವಳ ಮೆಸೇಜು ಬಂತು: ‘ನನ್ನ ಪಕ್ಕದ ಅಜ್ಜಿ ಇನ್ನೂ ಬಾವುಟ ಎತ್ತಿಕೊಂಡೇ ನಿಂತಿದ್ದಾರೆ ಮಾವ.’

ಮರುದಿನ ಅವಳ ಸ್ನೇಹಿತರ ಬಳಗದಲ್ಲಿ ಇದೇ ಚರ್ಚೆಯಂತೆ. ಒಬ್ಬಳು, ನಾನು ಅತ್ತುಬಿಟ್ಟೆ ಅಂದಳು. ಇನ್ನೊಬ್ಬ, ಆ ಮೂರು ನಿಮಿಷದಲ್ಲೇ ಬಿಯರ್ ತರಲು ಹೋಗಿದ್ದೆ ಅಂತ ಒಪ್ಪಿಕೊಂಡ. ಮತ್ತೊಬ್ಬ ಹಾಡಿಗಿಂತ ಕ್ಯಾಮೆರಾದವನೇ ದೊಡ್ಡವನು ಅಂದ. ಹಿಂದಿನ ವರ್ಷ ಸ್ವೀಡನ್ನಿನ ಮಾಲ್ಮೊದಲ್ಲಿ ಇದೇ ಸ್ವಿಟ್ಜರ್ಲೆಂಡಿಗೆ ಗೆಲುವು ತಂದ ನೆಮೊ ತಿರುಗುವ ತಟ್ಟೆಯ ಮೇಲೆ ನಿಂತು ಒಪೆರಾನೂ ಹಾಡಿ, ರ‍್ಯಾಪೂ ಹಾಡಿದ್ದರಲ್ಲ, ಅದರ ಮುಂದೆ ಇದು ನಿದ್ದೆ ಬರಿಸುತ್ತೆ ಅಂತ ಒಬ್ಬ ಹಿರಿಯರ ತೀರ್ಮಾನ. ಇವರೆಲ್ಲರಿಗಿಂತ ಜಾಣನೊಬ್ಬನ ವಾದ ಬೇರೆ: ಗೆದ್ದ ದೇಶವೇ ಮರುವರ್ಷ ಸ್ಪರ್ಧೆ ನಡೆಸಬೇಕಲ್ಲ, ಮತ್ತೆ ಗೆದ್ದರೆ ಮತ್ತೆ ಖರ್ಚು, ಅದಕ್ಕೇ ಬೇಕಂತಲೇ ಮೆತ್ತಗಿನ ಹಾಡು ಕಳಿಸಿದ್ದಾರೆ! ಯಾವ ದೇಶ ಅತಿಥೇಯ ಆದರೂ ಈ ಗುಮಾನಿ ಎದ್ದೇ ಏಳುತ್ತದೆ. ಮಗಳ ಮದುವೆ ಮಾಡಿದ ವರ್ಷವೇ ಮಗನದನ್ನೂ ಮಾಡಲು ಯಾವ ಅಪ್ಪ ತಾನೇ ಒಪ್ಪುತ್ತಾನೆ?

ಖರ್ಚಿನ ಮಾತು ಸುಮ್ನೆ ಬಂದಿದ್ದಲ್ಲ. ಈ ಸ್ಪರ್ಧೆಗೆ ಕೋಟಿಗಟ್ಟಲೆ ಫ್ರಾಂಕ್ ಸುರಿಯಬೇಕೋ ಬೇಡವೋ ಅಂತ 2024ರ ನವೆಂಬರ್‌ನಲ್ಲಿ ಬಾಸೆಲ್‌ನವರು ಮತ ಹಾಕಿಯೇ ನಿರ್ಧರಿಸಿದ್ದರು. ಮೂರರಲ್ಲಿ ಎರಡು ಪಾಲು ಜನ ಹೂಂ ಅಂದರು. ಎಲ್ಲದಕ್ಕೂ ವೋಟು ಹಾಕುವ ಜನ ಅವರು. ತಮಾಷೆ ನೋಡಿ, ತಮ್ಮ ದೇಶದ ಹಾಡಿಗೆ ಮಾತ್ರ ಹಾಕುವ ಹಾಗಿಲ್ಲ. ಅದು ಸ್ಪರ್ಧೆಯ ನಿಯಮ. ಅಂದರೆ ಆ ಹಾಡನ್ನು ತಿಂಗಳುಗಟ್ಟಲೆ ಕೇಳಿ ಬಾಯಿಪಾಠ ಮಾಡಿಕೊಂಡ 36 ಸಾವಿರ ಜನ ಮೈದಾನದಲ್ಲಿ ಕೂತಿದ್ದಾರೆ, ಮತ ಕೊಡಬೇಕಾದವರು ಮಾತ್ರ ಬೇರೆ ಬೇರೆ ಊರಿನ ಸೋಫಾಗಳ ಮೇಲೆ. ಮದುವೆ ಮನೆಯವರು ಕೊನೇ ಪಂಕ್ತಿಗೆ ಕೂರುತ್ತಾರಲ್ಲ, ಹಾಗೆ. ಅಷ್ಟೊತ್ತಿಗೆ ಪಾಯಸ ಮುಗಿದಿರುತ್ತದೆ.

ಪಾಯಸ ತಪ್ಪಿಸಿಕೊಂಡವರಲ್ಲಿ ಜೋಯೆಯೇ ಮೊದಲಿಗಳೇನಲ್ಲ. 1989ರಲ್ಲಿ ಲೌಸಾನ್‌ನಲ್ಲಿ ಸ್ಪರ್ಧೆ ನಡೆದಾಗ ಸ್ವಿಟ್ಜರ್ಲೆಂಡಿನವರು ತಮ್ಮ ನಾಲ್ಕನೇ ಭಾಷೆ, ರೊಮಾನ್ಷ್‌ನಲ್ಲಿ ಹಾಡಿ 13ನೆಯವರಾದರು. 2015ರಲ್ಲಿ ವಿಯೆನ್ನಾದಲ್ಲಿ ಆಸ್ಟ್ರಿಯಾದವರು ಪಿಯಾನೋಕ್ಕೆ ಬೆಂಕಿ ಹಚ್ಚಿಕೊಂಡು ಹಾಡಿದರೂ ಸಿಕ್ಕಿದ್ದು ಸೊನ್ನೆ. ಅದೂ ಒಟ್ಟು ಸೊನ್ನೆ, ತೀರ್ಪುಗಾರರದೂ ಸೇರಿ.

ನನ್ನ ಮನಸ್ಸಿನಲ್ಲಿ ಉಳಿದಿರುವುದು ಪೋರ್ಚುಗಲ್. 1964ರಿಂದ ಹಾಡುತ್ತಾ ಬಂದು, ಒಮ್ಮೆಯೂ ಗೆಲ್ಲದೆ, 2017ರಲ್ಲಿ ಕೀವ್‌ನಲ್ಲಿ ಗೆದ್ದರು. ಸಾಲ್ವಡೋರ್ ಸೊಬ್ರಾಲ್ ಹಾಡಿದ್ದು, ಅವನ ಅಕ್ಕ ಬರೆದುಕೊಟ್ಟಿದ್ದು. ಅದೂ ಪಿಸುಮಾತಿನಂಥ ಹಾಡೇ. 758 ಅಂಕ! ಮರುವರ್ಷ ಲಿಸ್ಬನ್‌ನಲ್ಲಿ ತಾವೇ ಅತಿಥೇಯರು. ಗುಲಾಬಿ ಕೂದಲಿನ ಕ್ಲಾಡಿಯಾ ಪಾಶ್ಕುವಾಲ್ ಹಾಡಲು ನಿಂತಳು. ಹಾಡು ಬರೆದ ಇಸೌರಾ ನಡುವೆ ಬಂದು ದನಿಗೂಡಿಸಿದಳು. ತೀರಿಹೋದ ಅಜ್ಜಿಯ ನೆನಪಿನಲ್ಲಿ ಅವಳು ಬರೆದ ಹಾಡು ಅದು, ಒಂದು ತೋಟಕ್ಕೆ ನೀರೆರೆದುಕೊಂಡು ಇರುತ್ತೇನೆ ಅನ್ನುವಂಥದ್ದು. ಸಿಕ್ಕಿದ್ದು 39 ಅಂಕ, 26 ಹಾಡುಗಳಲ್ಲಿ 26ನೆಯದು. ಪರಊರಿನಲ್ಲಿ ಗೆದ್ದ ಮೆಲುದನಿ ತನ್ನೂರಿನಲ್ಲಿ ಕೊನೆ. ಹಿತ್ತಲ ಗಿಡ ಮದ್ದಲ್ಲ ಅಂತ ಹೇಳೋಣ ಅಂದರೆ, ಹಿತ್ತಲಿನವರಿಗೆ ಇಷ್ಟವಾಗಿತ್ತಲ್ಲ! ಮದ್ದಲ್ಲ ಅಂದವರು ನೆರೆಹೊರೆಯವರು.

ಗೆದ್ದವರಿಲ್ಲವೆಂದಲ್ಲ. 1994ರಲ್ಲಿ ಡಬ್ಲಿನ್‌ನಲ್ಲಿ ಐರ್ಲೆಂಡಿನ ಇಬ್ಬರು ಒಂದು ಪಿಯಾನೋ, ಒಂದು ಗಿಟಾರ್ ಇಟ್ಟುಕೊಂಡು ಹಾಡಿ ತಮ್ಮ ಮನೆಯಲ್ಲೇ ಗೆದ್ದರು. ಆಮೇಲೆ 2025ರ ತನಕ ಯಾವ ಅತಿಥೇಯರೂ ಗೆದ್ದಿಲ್ಲ. ಆದರೆ ಅವತ್ತಿನ ರಾತ್ರಿಯಿಂದ ಲೋಕ ನೆನಪಿಟ್ಟುಕೊಂಡಿದ್ದು ಆ ಹಾಡನ್ನಲ್ಲ, ನಡುವಿನ ಬಿಡುವಿನಲ್ಲಿ ಕುಣಿದ ರಿವರ್‌ಡ್ಯಾನ್ಸ್ ತಂಡವನ್ನು. ಪಾಪ.

ಸೊನ್ನೆಯ ಲೆಕ್ಕಕ್ಕೆ ಬರುತ್ತೇನೆ. ಮೊದಮೊದಲು ನಾನೂ, ಯಾರಿಗೂ ಹಿಡಿಸಲಿಲ್ಲ ಅಂದುಕೊಂಡಿದ್ದೆ. ಹಾಗಲ್ಲ. ಒಂದೊಂದು ದೇಶದ ಜನರ ಮತ ಎಣಿಸಿ, ಮೊದಲ ಹತ್ತು ಹಾಡಿಗೆ ಮಾತ್ರ ಅಂಕ. ಮೊದಲಿನದಕ್ಕೆ 12, ಹತ್ತನೆಯದಕ್ಕೆ 1. ಹನ್ನೊಂದನೆಯದಕ್ಕೆ ಏನೂ ಇಲ್ಲ. ಒಂದು ಹಾಡು ಎಲ್ಲಾ ಕಡೆಯೂ ಹನ್ನೊಂದನೆಯದಾದರೆ? ಎಲ್ಲರಿಗೂ ಇಷ್ಟ, ಅಂಕ ಸೊನ್ನೆ. ಆಗ, 2025ರಲ್ಲಿ, ಒಬ್ಬರು 20 ಮತ ಹಾಕಬಹುದಿತ್ತು ಬೇರೆ. ಹುಚ್ಚಾಗಿ ಮೆಚ್ಚಿದವರು ಇಪ್ಪತ್ತನ್ನೂ ಒಂದಕ್ಕೇ ಒತ್ತುತ್ತಿದ್ದರು. ‘ಚೆನ್ನಾಗಿತ್ತಪ್ಪ’ ಅಂದವರು ಫೋನ್ ಮುಟ್ಟುತ್ತಿರಲಿಲ್ಲ.

ನಮ್ಮಲ್ಲಿ ಯಾರನ್ನಾದರೂ ಕೇಳಿ, ನಿಮಗೆ ಇಷ್ಟವಾದ ಹತ್ತು ಅಡುಗೆ ಹೇಳಿ ಅಂತ. ಒಬ್ಬಟ್ಟು, ಬಿಸಿಬೇಳೆಬಾತು, ಅಕ್ಕಿರೊಟ್ಟಿ ಅಂತ ಪಟ್ಟಿ ಬೆಳೆಯುತ್ತದೆ. ತಿಳಿಸಾರು ಅಂತ ಒಬ್ಬರೂ ಹೇಳುವುದಿಲ್ಲ. ಜ್ವರ ಬಂದಾಗ ಕೇಳುವುದು ಅದನ್ನೇ. ಆ ಹಾಡು ತಿಳಿಸಾರಿನ ಜಾತಿ. ಅಡುಗೆ ಬಲ್ಲವರು ಮಾತ್ರ ಒಗ್ಗರಣೆ ಎಷ್ಟು ಹದವಾಗಿ ಬಿದ್ದಿದೆ ಅಂತ ತಲೆದೂಗಿ 214 ಕೊಡುತ್ತಾರೆ. ಕೊನೆಗೆ ಅದೇ 214ರಲ್ಲೇ ಹತ್ತನೇ ಸ್ಥಾನ ಉಳಿಯಿತು.

ಭಾನುವಾರ ಮಧ್ಯಾಹ್ನ ಅಕ್ಕನ ಮಗಳು ಫೋನ್ ಮಾಡಿದಳು. ಗಂಟಲು ಕಟ್ಟಿತ್ತು. ನಾನು ಈ ಹನ್ನೊಂದರ ಲೆಕ್ಕವನ್ನೆಲ್ಲ ವಿವರಿಸಿದೆ. ಕೇಳಿಸಿಕೊಂಡಳು.

‘ಅದೆಲ್ಲ ಸರಿ ಮಾವ. ಸ್ಪರ್ಧೆಯಲ್ಲಿ ಇಲ್ಲದ ದೇಶದವರೂ ಆನ್‌ಲೈನಲ್ಲಿ ವೋಟು ಹಾಕಬಹುದು. ಉಳಿದ ಜಗತ್ತು ಅಂತ ಒಂದು ಲೆಕ್ಕ ಇದೆ. 2023ರಿಂದಲೂ ಇದೆ. ನೀವು ಹಾಕಿದ್ರಾ?’

ನನಗೆ ಗೊತ್ತಿತ್ತು. ಆ ಪುಟವನ್ನೂ ತೆರೆದಿದ್ದೆ. ಕಾರ್ಡ್ ನಂಬರ್ ಕೇಳಿತು. ಕಾರ್ಡ್ ಇದ್ದಿದ್ದು ಮಲಗುವ ಕೋಣೆಯ ಬೀರುವಿನಲ್ಲಿ. ಆ ಬೀರು ತೆಗೆದರೆ ಕಿರ್ರೋ ಅನ್ನುತ್ತದೆ. ನಮ್ಮವಳು ಎದ್ದರೆ ಎರಡು ಗಂಟೆ ರಾತ್ರಿಯಲ್ಲಿ ಏನಂತ ವಿವರಿಸಲಿ? ಯಾರಾದರೂ ಹಾಕ್ತಾರೆ ಬಿಡು ಅಂತ ಪುಟ ಮುಚ್ಚಿದ್ದೆ.

‘ನೆಟ್‌ವರ್ಕ್ ಸರಿ ಇರಲಿಲ್ಲ ಕಣೇ’ ಅಂದೆ. ನಾಲ್ಕು ಗಂಟೆ ಕಾಲ ಒಮ್ಮೆಯೂ ನಿಲ್ಲದೆ ವಿಡಿಯೋ ಓಡಿಸಿದ್ದ ನೆಟ್‌ವರ್ಕ್.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

‘ಹೋಗ್ಲಿ ಬಿಡಿ ಮಾವ’ ಅಂದಳು. ‘ನಿಮ್ಮನ್ನ ರಾತ್ರಿಯೆಲ್ಲ ಎಬ್ಬಿಸಿ ಕೂರಿಸಿದ್ದೇ ಅದಕ್ಕೆ.’