ಸತ್ಯಾಂಶ: ತಲೆಗೆ ನೀರು ಸುರಿಯುವ ದೀಕ್ಷಾಸ್ನಾನ ಕಾನ್‌ಸ್ಟಂಟೈನ್ ತಂದದ್ದೇ?

"ಆದಿ ಕ್ರೈಸ್ತರು ನೀರಿನಲ್ಲಿ ಮುಳುಗಿಯೇ ದೀಕ್ಷಾಸ್ನಾನ ಪಡೆಯುತ್ತಿದ್ದರು, ತಲೆಗೆ ಸುರಿಯುವುದನ್ನು 4ನೇ ಶತಮಾನದಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ತಂದ" ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಮುಳುಗುವ ರೂಢಿ ಇತ್ತು, ನಿಜ. ಉಳಿದದ್ದು ಸುಳ್ಳು.

ಕಾನ್‌ಸ್ಟಂಟೈನನಿಗಿಂತ ಎಷ್ಟೋ ಹಿಂದೆ, ಬಹುತೇಕ ವಿದ್ವಾಂಸರ ಪ್ರಕಾರ 1ನೇ ಶತಮಾನದ ಕೊನೆ ಅಥವಾ 2ನೆಯದರ ಆರಂಭದಲ್ಲಿ, ರಚನೆಯಾದ 'ಡಿಡಾಕೆ' ಎಂಬ ಆದಿ ಕ್ರೈಸ್ತರ ಗ್ರೀಕ್ ಕೈಪಿಡಿ ಈ ವಿಷಯದಲ್ಲಿ ತೀರಾ ವ್ಯಾವಹಾರಿಕ. ಹರಿಯುವ ನೀರು ಉತ್ತಮ. ಇಲ್ಲದಿದ್ದರೆ ಬೇರೆ ನೀರು. ತಣ್ಣೀರು ಆಗದಿದ್ದರೆ ಬೆಚ್ಚನೆಯ ನೀರು. ಎರಡೂ ಇಲ್ಲವೇ? ತಲೆಯ ಮೇಲೆ ಮೂರು ಸಲ ಸುರಿಯಿರಿ. ನೀರಿನಲ್ಲಿ ಇಷ್ಟು ಧಾರಾಳ. ಆದರೆ ದೀಕ್ಷೆ ಪಡೆಯುವವನು ಒಂದೆರಡು ದಿನ ಮೊದಲೇ ಉಪವಾಸವಿರಬೇಕು.

ಅಂದಹಾಗೆ, ಕಾನ್‌ಸ್ಟಂಟೈನ್ ಸ್ವತಃ ದೀಕ್ಷಾಸ್ನಾನ ಪಡೆದದ್ದು 337ರಲ್ಲಿ, ಸಾವಿನ ಹಾಸಿಗೆಯಲ್ಲಿ. ಪಾಪವೆಲ್ಲ ಒಮ್ಮೆಗೇ ತೊಳೆದುಹೋಗಲಿ ಎಂದು ಕೊನೆಗಾಲದವರೆಗೆ ಮುಂದೂಡುವವರು ಆಗ ಕಡಿಮೆಯೇನೂ ಇರಲಿಲ್ಲ.